ಬದಲಿ ಬಂಡೆಮ್ಮ

ಕಮಲಾಪುರದ ಬಂಡೆಮ್ಮ ಕಲಬುರಗಿಯ ನೂಲಿನ ಗಿರಣಿಯಲ್ಲಿ ಅರ್ಧ ಆಯುಷ್ಯ ಸವೆಸಿದಳು. ಆದರೆ ಆ ಗಿರಣಿಯವರನ್ನು ಕೇಳಿದ್ದರೆ ಬಂಡೆಮ್ಮ ಎನ್ನುವ ಹೆಂಗಸು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುತ್ತಿದ್ದರು, ಅದೂ ಸುಳ್ಳಲ್ಲ. ಕೆಲವು ತಿಂಗಳು ಆಕೆ ಚಂದಮ್ಮನಾಗಿರುತ್ತಿದ್ದಳು, ಅದು ಮುಗಿದ ಮೇಲೆ ಅಮೀನಾ ಆಗುತ್ತಿದ್ದಳು, ಆಮೇಲೆ ಇನ್ನಾರೋ. ಬೆಳಗಿನ ಹಾಜರಿಯಲ್ಲಿ ಯಾವ ಹೆಸರಿಗೆ ಓಗೊಡಬೇಕು ಎಂಬುದನ್ನು ಮನೆಯಿಂದ ಹೊರಡುವಾಗಲೇ ಬಾಯಲ್ಲಿ ಹೇಳಿಕೊಳ್ಳುತ್ತ ಬರುತ್ತಿದ್ದಳು. ಜತೆಯ ಹೆಂಗಸರು ಆಕೆಯನ್ನು ಬದಲಿ ಬಂಡೆಮ್ಮ ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ದನಿಯಲ್ಲಿ ಚೇಷ್ಟೆಯೂ ಇರುತ್ತಿತ್ತು, ಅದಕ್ಕಿಂತ ಹೆಚ್ಚು ಅಕ್ಕರೆ ಇರುತ್ತಿತ್ತು.

ಅದು ನಿಜಾಮ ಸರ್ಕಾರದ ಕಾಲ. ಸ್ಟೇಶನ್ ಬಜಾರ ದಾಟಿದ ಮೇಲೆ ಸಿಗುತ್ತಿದ್ದ ಆ ಗಿರಣಿ ಊರಿನ ಗಿರಣಿಗಳ ಪೈಕಿ ಸಣ್ಣದು. ಈಗ ಅದರ ಚಿಮಣಿಯ ಒಂದು ಇಟ್ಟಿಗೆಯೂ ಉಳಿದಿಲ್ಲ. ನೂಲನ್ನು ಕಂಡಿಕೆಯಿಂದ ಬಿಚ್ಚಿ ಲಡಿ ಕಟ್ಟುವ ಕೆಲಸ ಅಲ್ಲಿ ಹೆಂಗಸರದು. ಅದನ್ನು ಲಡಿ ಖಾತೆ ಎನ್ನುತ್ತಿದ್ದರು. ದಿನವಿಡೀ ನಿಂತೇ ಮಾಡುವ ಕೆಲಸ, ಹರಿದ ಎಳೆಯನ್ನು ಯಂತ್ರ ತಿರುಗುತ್ತಿರುವಾಗಲೇ ಹಿಡಿದು ಗಂಟು ಹಾಕುವ ಕೆಲಸ. ಕಾಯಂ ಆದವರಿಗೆ ಹಿತ್ತಾಳೆಯ ಒಂದು ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಇದ್ದವಳಿಗೆ ಜಾಗ ಉಂಟು, ಪಗಾರ ಉಂಟು. ಬಿಲ್ಲೆ ಇಲ್ಲದವಳು ಬದಲಿ. ಬೆಳಿಗ್ಗೆ ಬಾಗಿಲಲ್ಲಿ ನಿಂತು, ಯಾರಾದರೂ ಬಂದಿಲ್ಲವೇ ಎಂದು ಕಾಯಬೇಕು.

ಬಂಡೆಮ್ಮನಿಗೂ ಒಂದು ಕಾಲಕ್ಕೆ ಬಿಲ್ಲೆ ಇತ್ತು. ಗಂಡ ಮಾಪಣ್ಣ ಅದೇ ಗಿರಣಿಯಲ್ಲಿ ಅರಳೆಯ ಗಾಂಠು ಹೊರುತ್ತಿದ್ದ. ಮೊದಲ ಹೆರಿಗೆಗೆ ಆಕೆ ತವರಾದ ಕಮಲಾಪುರಕ್ಕೆ ಹೋದಳು. ಬಾಣಂತನ ಮುಗಿಸಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ನೋಡಿದರೆ ಆಕೆಯ ಯಂತ್ರದ ಮುಂದೆ ಬೇರೊಬ್ಬಳು ನಿಂತಿದ್ದಳು. ಆಗ ಖಾತೆಯ ಮೇಲ್ವಿಚಾರಣೆ ನೋಡುತ್ತಿದ್ದ ಮುಕಾದಮನ ಕೈಕಾಲು ಹಿಡಿದು ಮತ್ತೆ ಒಳಗೆ ಸೇರುವಷ್ಟರಲ್ಲಿ ವರ್ಷ ಕಳೆದಿತ್ತು. ಆದ್ದರಿಂದ ಎರಡನೆಯ ಸಲ ಬುದ್ಧಿವಂತಳಾದಳು. ಹಸಿ ಮೈಯಲ್ಲೇ ಎದ್ದು ಕೆಲಸಕ್ಕೆ ಬಂದಳು. ಕೂಸು ಅಳದೆ ಮಲಗಿರಲಿ ಎಂದು ಆಗಿನ ಗಿರಣಿ ಹೆಂಗಸರೆಲ್ಲ ಮಾಡುತ್ತಿದ್ದ ಹಾಗೆ ಸಾಸಿವೆ ಕಾಳಿನಷ್ಟು ಅಫೀಮನ್ನು ಅದರ ನಾಲಿಗೆಗೆ ತೀಡಿ, ಜೋಳಿಗೆಯಲ್ಲಿ ಹಾಕಿ ಬರುತ್ತಿದ್ದಳು. ಒಂದು ಸಂಜೆ ಮನೆಗೆ ಬಂದಾಗ ಕೂಸು ಮಲಗಿಯೇ ಇತ್ತು. ಮತ್ತೆ ಏಳಲಿಲ್ಲ. ಕೇರಿಯವರು ದೃಷ್ಟಿಯಾಯಿತು ಎಂದರು. ಬಂಡೆಮ್ಮ ಅವರಿಗೆ ಎದುರು ಮಾತಾಡಲಿಲ್ಲ, ಆದರೆ ಅದನ್ನು ಒಂದು ದಿನವೂ ನಂಬಲಿಲ್ಲ.

ಕೆಲವು ವರ್ಷಗಳ ಮೇಲೆ ಮಾಪಣ್ಣ ಜ್ವರದಲ್ಲಿ ಮಲಗಿದ. ಚೊಚ್ಚಲ ಕೂಸೂ ಅಷ್ಟರಲ್ಲಿ ಸಿಡುಬಿಗೆ ಹೋಗಿತ್ತು, ಬಾಯಿಗೆ ನೀರು ಬಿಡಲೂ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಬಂಡೆಮ್ಮ ಅವನ ತಲೆದೆಸೆಯಲ್ಲಿ ಕೂತಳು. ಅವನನ್ನು ಮಣ್ಣು ಮಾಡಿ ಗಿರಣಿಗೆ ಹೋದಾಗ ಆಕೆಯ ಜಾಗದ ಬಿಲ್ಲೆ ಇನ್ನೊಬ್ಬಳ ಕೊರಳಲ್ಲಿತ್ತು. ಗಂಡನೂ ಹೋದ, ಜಾಗವೂ ಹೋಯಿತು, ಎರಡೂ ಒಂದೇ ಕಾರಣಕ್ಕೆ. ಈ ಸಲ ಆಕೆ ಯಾರ ಕಾಲನ್ನೂ ಹಿಡಿಯಲಿಲ್ಲ. ಬದಲಿಗಳ ಸಾಲಿನಲ್ಲಿ ಹೋಗಿ ನಿಂತಳು.

ಆಗ ಚಂದಮ್ಮ ಎಂಬವಳು ತುಂಬು ಬಸುರಿ. ರಜೆ ಹೋದರೆ ಜಾಗ ಹೋಗುತ್ತದೆ, ಹೋಗದಿದ್ದರೆ ಜೀವ ಹೋಗುತ್ತದೆ ಎಂದು ಅಳುತ್ತ ಕೂತಿದ್ದಳು. ಬಂಡೆಮ್ಮ ಅವಳ ಕೊರಳಿನ ಬಿಲ್ಲೆಯನ್ನು ತಾನೇ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡಳು. ನೀನು ಹೋಗಿ ಹಡೆದು ಬಾ, ಅಲ್ಲಿಯ ತನಕ ಈ ಗಿರಣಿಯಲ್ಲಿ ನಾನೇ ಚಂದಮ್ಮ ಎಂದಳು. ಪಗಾರ ಅರ್ಧ ನಿನಗೆ, ಅರ್ಧ ನನಗೆ. ಲಡಿ ಖಾತೆಯಲ್ಲಿ ಆ ಪದ್ಧತಿ ಶುರುವಾದದ್ದು ಹೀಗೆ. ಚಂದಮ್ಮನ ನಂತರ ಅಮೀನಾ, ಅವಳ ನಂತರ ಭಾಗಮ್ಮ. ಬಾಣಂತಿಯರಿಗೆ ಮಾತ್ರ ಎಂದೂ ಇರಲಿಲ್ಲ. ನೂರಜಹಾನಳ ಅತ್ತೆ ಲಕ್ವಾ ಹೊಡೆದು ಮಲಗಿದಾಗ ಬಂಡೆಮ್ಮ ನೂರಜಹಾನ್ ಆದಳು. ಕುಂಕುಮವಿಲ್ಲದ ಹಣೆ ಆ ಹೆಸರಿಗೂ ಹೊಂದುತ್ತದೆ ಎಂದು ತಾನೇ ತನ್ನನ್ನು ಹಾಸ್ಯ ಮಾಡಿಕೊಂಡಳು. ಮುಕಾದಮ ಇಮಾಮುದ್ದೀನನಿಗೆ ಎಲ್ಲ ಗೊತ್ತಿತ್ತು. ಅವನು ಹೊಸಬ, ದೇವರಿಗೆ ಹೆದರುವ ಮನುಷ್ಯ. ಲಡಿಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದುದರಿಂದ ಮುಖದ ಕಡೆ ನೋಡುವ ಗೋಜಿಗೆ ಹೋಗಲಿಲ್ಲ. ಮೇಲಿನವರಿಗಂತೂ ಹೆಂಗಸರ ಮುಖಗಳು ಎಲ್ಲವೂ ಒಂದೇ.

ಬಂಡೆಮ್ಮನ ಬಾಯಿ ಮಾತ್ರ ಭಾರಿ. ಬಾಣಂತಿ ಬೇಗ ಹಿಂತಿರುಗಿದರೆ ಬಾಗಿಲಲ್ಲೇ ಬೈದು ಅಟ್ಟುತ್ತಿದ್ದಳು. ಕೂಸಿಗೆ ಅಫೀಮು ತೀಡಿದ್ದಾರೆಂದು ತಿಳಿದರೆ ಆ ಮನೆಯ ಮುದುಕಿಯರಿಗೆ ಗ್ರಹಚಾರ ಬಿಡಿಸುತ್ತಿದ್ದಳು. ಆಕೆಯನ್ನು ದೇವತೆ ಎಂದವರಿಲ್ಲ. ಆದರೂ ಎಂಟು ಹತ್ತು ವರ್ಷ ಆ ಖಾತೆಯಲ್ಲಿ ಹೆರಿಗೆಯಿಂದಾಗಿ ಜಾಗ ಕಳೆದುಕೊಂಡ ಹೆಂಗಸು ಒಬ್ಬಳೂ ಇರಲಿಲ್ಲ. ಸರ್ಕಾರ ಮಾಡಬೇಕಾದ ಕೆಲಸವನ್ನು ಒಂದು ಹೆಂಗಸು ತನ್ನ ಹೆಸರನ್ನು ಮಡಚಿಟ್ಟು ಮಾಡುತ್ತಿದ್ದಳು ಎಂದರೆ ಆಕೆಯ ಎದೆಗಾರಿಕೆಗೆ ಕೈಮುಗಿಯಲೇಬೇಕು.

ಸೊಲ್ಲಾಪುರದ ಸುದ್ದಿ ತಂದವಳು ನೂರಜಹಾನ್. ಅವಳ ತಂಗಿ ಗುಲ್ಶನ್ ಅಲ್ಲಿಯ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಸೊಲ್ಲಾಪುರ ರೈಲಿನಲ್ಲಿ ಕೆಲವೇ ತಾಸಿನ ದಾರಿಯಾದರೂ ಅದು ಇಂಗ್ರೇಜಿ ರಾಜ್ಯ. ಅಲ್ಲಿ ಹಡೆದವಳಿಗೆ ಗಿರಣಿಯವರೇ ಕೆಲವು ವಾರ ಮನೆಯಲ್ಲಿ ಕೂರಿಸಿ ರೊಕ್ಕ ಕೊಡಬೇಕೆಂದು ಕಾನೂನಿದೆಯಂತೆ, ಗುಲ್ಶನ್ ತಾನೇ ತೆಗೆದುಕೊಂಡಳಂತೆ. ಲಡಿ ಖಾತೆಯ ಹೆಂಗಸರು ನಕ್ಕುಬಿಟ್ಟರು. ಬಂಡೆಮ್ಮ ನಗಲಿಲ್ಲ. ಅವತ್ತಿನಿಂದ ನೂರಜಹಾನಳನ್ನು ಕಂಡಾಗೆಲ್ಲ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದಳು. ಖರೇನೇ ಕೊಟ್ಟರೇನು? ಜಾಗ ಹಾಗೇ ಇತ್ತೇನು? ಬದಲಿಗೆ ಯಾರು ನಿಂತಿದ್ದರು? ನೂರಜಹಾನ್ ಉತ್ತರ ಕೊಟ್ಟು ಕೊಟ್ಟು ಸೋತಳು.

ಮುಂದಿನ ಬೇಸಿಗೆಯಲ್ಲಿ ಇಮಾಮುದ್ದೀನ್ ಬಂಡೆಮ್ಮನನ್ನು ಬದಿಗೆ ಕರೆದ. ಆಗ ಆಕೆ ಭೀಮಬಾಯಿ ಆಗಿದ್ದಳು. ನಿಜವಾದ ಭೀಮಬಾಯಿ ಕಮಲಾಪುರದ ಎಳೆ ಹುಡುಗಿ, ಚೊಚ್ಚಲು ಹಡೆದು ಊರಲ್ಲಿ ಮಲಗಿದ್ದಳು. ಇಮಾಮುದ್ದೀನ್ ಹೇಳಿದ ಸುದ್ದಿ ಹೀಗಿತ್ತು: ಹೈದರಾಬಾದಿನಿಂದ ಒಬ್ಬ ದೊಡ್ಡ ಸಾಹೇಬರು ಬರುತ್ತಾರೆ. ಸೊಲ್ಲಾಪುರದಂಥ ಕಾನೂನು ನಮ್ಮ ರಾಜ್ಯಕ್ಕೂ ಬೇಕೇ ಬೇಡವೇ ಎಂದು ಗಿರಣಿ ಗಿರಣಿಗೆ ಹೋಗಿ ವಿಚಾರಿಸುತ್ತಿದ್ದಾರೆ. ನಮ್ಮ ಮ್ಯಾನೇಜರ ಸಾಹೇಬರ ಉತ್ತರ ತಯಾರಾಗಿದೆ. ನಮ್ಮ ಹೆಂಗಸರು ಹೆರಿಗೆಗೆಂದು ಒಂದು ದಿನವೂ ತಪ್ಪಿಸಿಕೊಂಡವರಲ್ಲ, ಅಷ್ಟು ಗಟ್ಟಿ ಮಂದಿ, ಇಲ್ಲಿ ಅಂಥ ಕಾನೂನಿನ ಗರಜು ಇಲ್ಲ ಎಂದು ಹೇಳುತ್ತಾರಂತೆ. ಹಾಜರಿ ನೋಡಿದರೂ ಹಾಗೇ ಕಾಣುತ್ತದೆ.

“ನೀ ಪುಣ್ಯಾ ಅಂತ ಮಾಡ್ದಿ ಬಂಡೆವ್ವಾ,” ಎಂದ ಇಮಾಮುದ್ದೀನ್. “ಅವ್ರು ಅದನ್ನೇ ಹಿಡಕೊಂಡು ಕಾನೂನ್ ಬ್ಯಾಡ ಅನ್ನಾಕತ್ತಾರ.”

ಬಂಡೆಮ್ಮನಿಗೆ ಆಗ ಹೊಳೆಯಿತು. ಇಷ್ಟು ವರ್ಷ ತಾನು ಮುಚ್ಚಿದ್ದು ಒಂದೊಂದು ಮನೆಯ ಕಷ್ಟ ಎಂದುಕೊಂಡಿದ್ದಳು. ಎಲ್ಲ ಸೇರಿ ಗಿರಣಿಯ ಕಷ್ಟವೇ ಮುಚ್ಚಿಹೋಗಿತ್ತು. ನಿಜ ಹೇಳಿದರೆ ಕಾನೂನಿಗೆ ದಾರಿಯಾಗಬಹುದು. ಆದರೆ ಹೇಳಿದ ಮರುಗಳಿಗೆ ಮೋಸದ ಹಾಜರಿ ಎಂದು ಭೀಮಬಾಯಿಯ ಬಿಲ್ಲೆ ಕಿತ್ತುಕೊಳ್ಳುತ್ತಾರೆ. ಭೀಮಬಾಯಿಯ ಗಂಡ ಭೀಮಶಾ ಕಲ್ಲಿನ ಗಣಿಯಲ್ಲಿ ಕಾಲು ಮುರಿದುಕೊಂಡು ಕೂತಿದ್ದ. ಆ ಮನೆಯ ಒಲೆ ಉರಿಯುತ್ತಿದ್ದುದು ಆ ಒಂದು ಬಿಲ್ಲೆಯಿಂದ. ತನ್ನದಾಗಿದ್ದರೆ ಬಂಡೆಮ್ಮ ಯೋಚಿಸುತ್ತಲೂ ಇರಲಿಲ್ಲ. ಇನ್ನೊಬ್ಬಳ ಅನ್ನವನ್ನು ಕೇಳದೆ ಪಣಕ್ಕಿಡುವುದು ಹೇಗೆ?

ಶುಕ್ರವಾರ ಗಿರಣಿಗೆ ರಜೆ. ಬಂಡೆಮ್ಮ ಬೆಳಗಿನ ಮೋಟಾರು ಹತ್ತಿ ಕಮಲಾಪುರಕ್ಕೆ ಹೋದಳು. ಊರ ಹೊರಗೆ ಕೆಂಪು ಬಾಳೆಯ ತೋಟಗಳಲ್ಲಿ ನೀರು ಬಿಟ್ಟಿದ್ದರು. ಆಕೆಯ ಅಣ್ಣತಮ್ಮಂದಿರೆಲ್ಲ ಆ ತೋಟಗಳಲ್ಲಿ ಕೂಲಿ ಮಾಡಿಯೇ ಮುದುಕರಾದವರು. ಆಕೆ ಯಾರ ಮನೆಗೂ ಹೋಗದೆ ನೇರ ಭೀಮಬಾಯಿಯ ಗುಡಿಸಲಿಗೆ ಹೋದಳು. ಒಳಗೆ ಅಜವಾನದ ಹೊಗೆ ತುಂಬಿತ್ತು. ಭೀಮಬಾಯಿ ತಲೆಗೆ ಬಟ್ಟೆ ಬಿಗಿದುಕೊಂಡು ಹೊರಸಿನ ಮೇಲೆ ಮಲಗಿದ್ದಳು, ಪಕ್ಕದಲ್ಲಿ ಮುಷ್ಟಿ ಬಿಗಿಹಿಡಿದ ಹೆಣ್ಣು ಕೂಸು. ಬಂಡೆಮ್ಮ ಕೂಸನ್ನು ಎತ್ತಿ ಮೂಗು ಯಾರದು, ಕಿವಿ ಯಾರದು ಎಂದೆಲ್ಲ ಹೇಳಿ, ಕಾಲು ಚಾಚಿ ಕೂತು, ಆಮೇಲೆ ಬಂದ ಕೆಲಸದ ಮಾತು ತೆಗೆದಳು.

ಭೀಮಬಾಯಿ ಪೂರ್ತಿ ಕೇಳಿಸಿಕೊಂಡಳು. ಕಾನೂನು ಬಂದರೆ ಒಳ್ಳೆಯದೇ ಎಂದಳು. ಆದರೆ ಅದು ಬರುವುದು ಎಂದೋ, ತನ್ನ ಬಿಲ್ಲೆ ಹೋಗುವುದು ನಾಳೆ. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಮೂಲೆಯಲ್ಲಿ ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿಕೊಂಡು ಕೂತಿದ್ದ ಭೀಮಶಾ ಗೋಡೆಯ ಕಡೆ ತಿರುಗಿದ.

“ನನ್ನ ಹೆಸರು ಎತ್ತಬ್ಯಾಡ ದೊಡ್ಡವ್ವಾ,” ಎಂದಳು ಭೀಮಬಾಯಿ. “ಬ್ಯಾರೆ ಯಾರದಾರ ಹೇಳು. ನಂದು ಹೇಳಬ್ಯಾಡ.”

ಬೇರೆ ಯಾರದಾದರೂ ಹೇಳಲು ಎಲ್ಲರದೂ ಅದೇ ಕತೆ. ಬಂಡೆಮ್ಮ ಆ ಹುಡುಗಿಯ ತಲೆಗೂದಲನ್ನು ಹಿಂದಕ್ಕೆ ಸರಿಸಿ, “ನೀ ಬ್ಯಾಡ ಅಂದ ಮ್ಯಾಲ ನಾ ಬಾಯಿ ತೆರಿಯಂಗಿಲ್ಲ, ಕೂಸಿನ ಆಣಿ,” ಎಂದಳು. ಮನಸ್ಸಿನಲ್ಲಿ ಕಹಿಯಾಗಿತ್ತು. ಆದರೂ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ತಾನಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದು ಮೋಟಾರಿನ ತುಂಬ ಯೋಚಿಸುತ್ತ ಬಂದಳು. ಎಲ್ಲರ ಹೆಸರಿಗೂ ನಿಂತು ಅಭ್ಯಾಸವಾದವಳಿಗೆ ಎಲ್ಲರ ಭಯವೂ ಗೊತ್ತಿತ್ತು.

ಆದರೆ ಬಂಡೆಮ್ಮನ ಬಾಯಿ ಎಂಥದೆಂದು ಭೀಮಬಾಯಿಗೂ ಗೊತ್ತಿತ್ತು. ಆಕೆ ಕೊಟ್ಟ ಮಾತು ಸಾಹೇಬನ ಮುಂದೆ ನಿಂತಾಗಲೂ ಉಳಿದೀತು ಎಂಬ ಧೈರ್ಯ ಅವಳಿಗೆ ಬರಲಿಲ್ಲ. ಮೋಟಾರು ಹೋದ ಮೇಲೆ ಮಲಗಿ ಮಲಗಿ ಅವಳಿಗೆ ಒಂದು ಉಪಾಯ ಹೊಳೆಯಿತು. ಆ ದಿನ ತಾನೇ ತನ್ನ ಜಾಗದಲ್ಲಿ ಹೋಗಿ ನಿಂತುಬಿಟ್ಟರೆ ಬಂಡೆಮ್ಮ ಹೇಳಲು ಏನೂ ಉಳಿಯುವುದಿಲ್ಲವಲ್ಲ. ಈ ಉಪಾಯವನ್ನು ಅವಳು ಅತ್ತೆಗೆ ಮಾತ್ರ ಹೇಳಿದಳು. ಬಂಡೆಮ್ಮನಿಗೆ ಹೇಳಿ ಕಳಿಸುವ ಬುದ್ಧಿ ಇಬ್ಬರಿಗೂ ಹೊಳೆಯಲಿಲ್ಲ.

ಸಾಹೇಬರು ಬಂದ ದಿನ ಗಿರಣಿಯ ಅಂಗಳಕ್ಕೆ ನೀರು ಚಿಮುಕಿಸಿದ್ದರು. ಲಡಿ ಖಾತೆಯ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಸಾಹೇಬರು ಶೇರವಾನಿ ತೊಟ್ಟ, ನರೆತ ಗಡ್ಡದ, ಮೆಲುದನಿಯ ಮನುಷ್ಯ. ಅವರ ಉರ್ದುವನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಇಮಾಮುದ್ದೀನನದು. ಮ್ಯಾನೇಜರ ಸಾಹೇಬರು ಮಾತ್ರ ಮದುವೆ ಮನೆಯ ಯಜಮಾನರ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದರು. ನಮ್ಮ ಹೆಂಗಸರು ಹಡೆಯುವುದೂ ಗೊತ್ತಾಗುವುದಿಲ್ಲ, ಕೆಲಸಕ್ಕೆ ಬರುವುದೂ ತಪ್ಪುವುದಿಲ್ಲ ಎಂದು ಅವರು ಹೇಳಿದ್ದನ್ನು ಇಮಾಮುದ್ದೀನ್ ಕನ್ನಡಕ್ಕೆ ತಿರುಗಿಸಲಿಲ್ಲ. ತಿರುಗಿಸದಿದ್ದರೂ ಹೆಂಗಸರಿಗೆ ತಿಳಿಯಿತು. ಕಲಬುರಗಿಯಲ್ಲಿ ಅಷ್ಟು ಉರ್ದು ಯಾರಿಗೆ ಬರುವುದಿಲ್ಲ?

ಹಾಜರಿ ಕೂಗಿದರು. ಒಬ್ಬೊಬ್ಬಳೂ ಹೂಂ ರೀ ಎಂದು ಒಂದು ಹೆಜ್ಜೆ ಮುಂದೆ ಬಂದಳು. ಭೀಮಬಾಯಿ ಎಂದು ಕೂಗಿದಾಗ ಬಂಡೆಮ್ಮ ವಾಡಿಕೆಯಂತೆ ಹೂಂ ರೀ ಎಂದಳು. ಅದೇ ಗಳಿಗೆಗೆ ಸಾಲಿನ ತುದಿಯಿಂದ ಇನ್ನೊಂದು ಹೂಂ ರೀ ಬಂತು. ಎಲ್ಲರೂ ಅತ್ತ ತಿರುಗಿದರು. ಕಮಲಾಪುರದಲ್ಲಿ ಹೊರಸಿನ ಮೇಲಿರಬೇಕಾದ ಹುಡುಗಿ ಅಲ್ಲಿ ನಿಂತಿದ್ದಳು. ಬಾಗಿಲ ಕಾವಲಿನವನು ಮುಖ ಪರಿಚಯದ ಮೇಲೆ ಒಳಗೆ ಬಿಟ್ಟಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ, ಗೋಡೆಗೆ ಒಂದು ಕೈ ಊರಿದ್ದಳು.

ಒಂದು ಹೆಸರಿಗೆ ಇಬ್ಬರು ಹೇಗೆ ಎಂದು ಸಾಹೇಬರು ಕೇಳಿದರು. ಮ್ಯಾನೇಜರರು ಕೆಮ್ಮಿದರು. ಭೀಮಬಾಯಿ ತೊದಲುತ್ತ, ತಾನೇ ಭೀಮಬಾಯಿ, ಆ ಅವ್ವ ಬಾಯಿತಪ್ಪಿ ಓಗೊಟ್ಟಳು ಎಂದಳು. ಬಂಡೆಮ್ಮ ಹಲ್ಲು ಕಚ್ಚಿ ಸುಮ್ಮನೆ ಹಿಂದೆ ಸರಿದಳು. ಕೊಟ್ಟ ಮಾತು ಮಾತೇ. ನಿನಗೆ ಮಕ್ಕಳಿದ್ದಾರೆಯೇ ಎಂದು ಸಾಹೇಬರು ಭೀಮಬಾಯಿಯನ್ನು ಕೇಳಿದರು. ಒಂದು ಹೆಣ್ಣು ಕೂಸು ರೀ ಎಂದಳು. ಹೆರಿಗೆಗೆ ಎಷ್ಟು ದಿನ ಮನೆಯಲ್ಲಿದ್ದೆ ಎಂದರು. ಇರಲಿಲ್ಲ ರೀ, ದಿನಾ ಬರುತ್ತಿದ್ದೇನೆ ಎಂದಳು. ಮ್ಯಾನೇಜರರ ಮುಖ ಅರಳಿತು. ನೋಡಿದಿರಾ ಎನ್ನುವ ಹಾಗೆ ಸಾಹೇಬರ ಕಡೆ ಕೈ ತಿರುವಿದರು. ಆ ಹೊತ್ತಿಗೆ ಭೀಮಬಾಯಿಯ ಕುಪ್ಪಸದ ಎದೆ ಹಾಲಿಗೆ ತೋಯ್ದಿತ್ತು. ಅವಳು ಸೆರಗನ್ನು ಎಳೆದು ಎಳೆದು ಮುಚ್ಚಿಕೊಳ್ಳುತ್ತಿದ್ದಳು. ಸಾಹೇಬರು ನೋಡಿ ನೋಡದವರಂತೆ ಕಣ್ಣು ತಗ್ಗಿಸಿದರು.

ಬಂಡೆಮ್ಮ ಸಾಲಿನ ಹಿಂದಿನಿಂದ ಸರಿದು ಭೀಮಬಾಯಿಯ ಹತ್ತಿರ ಬಂದಳು. ಕೂಸೆಲ್ಲಿ ಎಂದು ಮೆಲ್ಲಗೆ ಕೇಳಿದಳು. ಬಾಗಿಲ ಹೊರಗೆ ಬೇವಿನ ಗಿಡದ ಕೆಳಗೆ ಅತ್ತೆಯ ತೊಡೆಯ ಮೇಲಿದೆ, ಮಲಗಿದೆ ಎಂದಳು ಹುಡುಗಿ. ಬಂಡೆಮ್ಮ ಕಿವಿಗೊಟ್ಟಳು. ಬೇವಿನ ಗಿಡ ಅಂಗಳದ ಗೋಡೆಗೆ ಹತ್ತಿಕೊಂಡೇ ಇತ್ತು. ಬೆಳಿಗ್ಗೆ ಕತ್ತಲಲ್ಲಿ ಮೋಟಾರು ಹತ್ತಿಸಿದ ಎಳೆ ಕೂಸು, ಹೊತ್ತು ಇಷ್ಟೇರಿದರೂ, ತಾಯಿಯ ಎದೆ ಇಷ್ಟು ತುಂಬಿ ಹರಿದರೂ, ಒಂದು ಸಲವೂ ಅಳುತ್ತಿರಲಿಲ್ಲ.

“ಹ್ಯಾಂಗ ಮಲಗ್ಯಾದ?” ಎಂದಳು ಬಂಡೆಮ್ಮ.

ಭೀಮಬಾಯಿ ತಲೆ ತಗ್ಗಿಸಿದಳು. “ಅತ್ತಿ ಒಂದ್ ಚೂರ್ ತೀಡ್ಯಾಳ,” ಎಂದಳು. “ಸಾಸಿವಿಕಾಳಿನಷ್ಟೇ.”

ಬಂಡೆಮ್ಮನಿಗೆ ಆಮೇಲೆ ಯಾವ ಸಾಹೇಬನೂ ಕಾಣಲಿಲ್ಲ, ಯಾವ ಆಣೆಯೂ ನೆನಪಾಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಹೈದರಾಬಾದಿನ ಸಾಹೇಬರ ಮುಂದಿನಿಂದಲೇ, ಅವರ ಶೇರವಾನಿಗೆ ತಗಲುವಷ್ಟು ಹತ್ತಿರದಿಂದ ಓಡಿದಳು. ಹಿಡಿಯಿರಿ ಎಂದು ಮ್ಯಾನೇಜರರು ಕೂಗಿದರು. ಹಿಡಿಯಲು ಬಂದ ಕಾವಲಿನವನನ್ನು ನೂಕಿ ಬಾಗಿಲು ದಾಟಿದಳು. ಬೇವಿನ ಗಿಡದ ಕೆಳಗಿನ ಮುದುಕಿಯ ತೊಡೆಯಿಂದ ಕೂಸನ್ನು ಕಿತ್ತುಕೊಂಡಳು. ಕೂಸಿನ ಕತ್ತು ವಾಲುತ್ತಿತ್ತು. ಬಂಡೆಮ್ಮ ಅಲ್ಲೇ ಮಣ್ಣಿನಲ್ಲಿ ಕೂತು ಅದರ ಅಂಗಾಲು ತಿಕ್ಕಿದಳು, ಮುಖಕ್ಕೆ ನೀರು ಚಿಮುಕಿಸಿದಳು, ಕಿವಿಯ ತುದಿ ಹಿಂಡಿದಳು. ಏಳವ್ವ, ಏಳು ತಾಯಿ ಎನ್ನುತ್ತಿದ್ದಳು. ಹಿಂದಿನಿಂದ ಓಡಿ ಬಂದ ಭೀಮಬಾಯಿ ಎದುರಿಗೆ ಮಣ್ಣಿನಲ್ಲಿ ಕೂತು ಕೂಸಿನ ಕೈ ಹಿಡಿದಳು.

ಕೂಸು ಮೊದಲು ಮುಖ ಸಿಂಡರಿಸಿತು. ಬಂಡೆಮ್ಮ ಮತ್ತೆ ಅಂಗಾಲಿಗೆ ಬೆರಳಿನಿಂದ ಹೊಡೆದಳು. ಆಗ ಅದು ಬಾಯಿ ತೆರೆದು, ಬೆಕ್ಕಿನ ಮರಿಯಷ್ಟು ಸಣ್ಣಗೆ ಅತ್ತಿತು, ಆಮೇಲೆ ಸಿಟ್ಟು ಬಂದ ಹಾಗೆ ಜೋರಾಗಿ ಅತ್ತಿತು. ಬಂಡೆಮ್ಮನಿಗೆ ಅಷ್ಟು ಸಂತೋಷ ಜೀವನದಲ್ಲಿ ಬೇರೆ ಯಾವ ದನಿಯಿಂದಲೂ ಆಗಿರಲಿಲ್ಲ. ಅದನ್ನು ತಾಯಿಯ ಎದೆಗೆ ಕೊಟ್ಟು, ತಲೆ ಎತ್ತಿ ನೋಡಿದರೆ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಇಮಾಮುದ್ದೀನ್, ಹಿಂದೆ ಲಡಿ ಖಾತೆಯ ಹೆಂಗಸರೆಲ್ಲ.

ಇದೇನು ನಡೆಯಿತು ಎಂದು ಸಾಹೇಬರು ಕೇಳಿದರು. ಬಂಡೆಮ್ಮ ಕೊರಳಿನ ಬಿಲ್ಲೆಯನ್ನು ತೆಗೆದು ಭೀಮಬಾಯಿಯ ಮಡಿಲಿಗೆ ಹಾಕಿದಳು. ಮಣ್ಣಾದ ಕೈಯನ್ನು ಒರೆಸಿಕೊಳ್ಳಲೂ ಇಲ್ಲ.

“ನಾ ಭೀಮಬಾಯಿ ಅಲ್ಲರಿ ಸಾಹೇಬ್ರ, ಬಂಡೆಮ್ಮ,” ಎಂದಳು. “ಇಲ್ಲಿ ಯಾರ್ ಹಡದ್ರೂ ಅವ್ರ ಹೆಸರಿನಾಗ ನಾ ನಿಂತೀನಿ. ಅದಕ್ಕಽ ನಿಮ್ಗ ಯಾರೂ ಹಡದಂಗ ಕಾಣಂಗಿಲ್ಲ. ನಾ ಇಲ್ದಾಗ ಇವ್ರು ಕೂಸಿಗೆ ಅಫೀಮ್ ತೀಡಿ ಬರ್ತಾರ. ನಂದೂ ಒಂದು ಹಂಗೇ ಹೋತು. ತಪ್ಪು ನಂದು, ಈ ಹುಡುಗಿದಲ್ಲ. ಕಾನೂನ್ ಬ್ಯಾಡ ಅಂತ ಮಾತ್ರ ಬರೀಬ್ಯಾಡ್ರಿ.”

ಇಮಾಮುದ್ದೀನನಿಗೆ ಮ್ಯಾನೇಜರರು ಕಣ್ಣು ಬಿಟ್ಟರು. ಅವನಿಗೂ ಹೆಂಡತಿ ಮಕ್ಕಳಿದ್ದರು, ಅವನ ಜಾಗವೂ ಗಟ್ಟಿಯಾದದ್ದಲ್ಲ. ಆದರೂ ಅವನು ಬಂಡೆಮ್ಮನ ಒಂದು ಮಾತೂ ಬಿಡದೆ ಉರ್ದುವಿನಲ್ಲಿ ಹೇಳಿದ. ತನಗೂ ಇದೆಲ್ಲ ಗೊತ್ತಿತ್ತು ಎಂದು ಕೊನೆಗೆ ತನ್ನದೊಂದು ಮಾತು ಸೇರಿಸಿದ. ಆಮೇಲೆ ನೂರಜಹಾನ್ ಮುಂದೆ ಬಂದಳು, ನನ್ನ ಹೆಸರಿಗೂ ನಿಂತಿದ್ದಳು ಎಂದಳು. ಚಂದಮ್ಮ ಬಂದಳು, ಅಮೀನಾ ಬಂದಳು, ಭಾಗಮ್ಮ ಬಂದಳು. ಯಾರನ್ನೂ ಯಾರೂ ಕರೆದಿರಲಿಲ್ಲ. ಸಾಹೇಬರು ಬೇವಿನ ಗಿಡದ ಕೆಳಗೇ ಕುರ್ಚಿ ಹಾಕಿಸಿ ಕೂತು, ಮಧ್ಯಾಹ್ನದವರೆಗೆ ಅವರ ಮಾತುಗಳನ್ನು ಕೇಳಿದರು. ಹೊರಡುವಾಗ, ತಮ್ಮ ಮುಂದೆ ಹೇಳಿಕೆ ಕೊಟ್ಟ ಯಾವ ಕೆಲಸದವಳನ್ನೂ ತೆಗೆಯಕೂಡದು ಎಂದು ಮ್ಯಾನೇಜರರಿಗೆ ಖಡಾಖಂಡಿತವಾಗಿ ಹೇಳಿದರು.

ಮ್ಯಾನೇಜರರು ಆ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದರು. ಭೀಮಬಾಯಿಯ ಬಿಲ್ಲೆ ಉಳಿಯಿತು, ಬಾಣಂತನ ಮುಗಿಯುವವರೆಗೆ ಜಾಗವೂ ಉಳಿಯಿತು. ಉಳಿದ ಹೆಂಗಸರನ್ನು ಯಾರೂ ಮುಟ್ಟಲಿಲ್ಲ. ಬಂಡೆಮ್ಮನ ಮಾತು ಬಂದಾಗ ಮಾತ್ರ, ಆ ಹೆಸರಿನವಳು ನಮ್ಮ ಹಾಜರಿಯಲ್ಲೇ ಇಲ್ಲ, ಇಲ್ಲದವಳನ್ನು ತೆಗೆಯುವ ಪ್ರಶ್ನೆ ಎಲ್ಲಿಂದ ಬಂತು ಎಂದರು. ಮರುದಿನದಿಂದ ಬಾಗಿಲು ಆಕೆಗೆ ತೆರೆಯಲಿಲ್ಲ. ಕಲಿತವರ ಜಾಣತನಕ್ಕೆ ಏನೆನ್ನಬೇಕು? ಭೀಮಬಾಯಿ ಬಂಡೆಮ್ಮನ ಕಾಲು ಹಿಡಿದು ಅತ್ತಳು. ಬಂಡೆಮ್ಮ ಅವಳನ್ನು ಎಬ್ಬಿಸಿ, ಮೊದಲು ಆ ನಿನ್ನ ಅತ್ತೆಗೆ ಅಫೀಮಿನ ಡಬ್ಬಿಯನ್ನು ಬಾವಿಗೆ ಹಾಕಲು ಹೇಳು ಎಂದು ಬೈದು ಕಳಿಸಿದಳು.

ಗಂಟುಮೂಟೆ ಕಟ್ಟಿಕೊಂಡು ಆಕೆ ಕಮಲಾಪುರಕ್ಕೆ ಬಂದಳು. ಅಣ್ಣತಮ್ಮಂದಿರ ಜತೆ ಬಾಳೆಯ ತೋಟದಲ್ಲಿ ಕೂಲಿಗೆ ನಿಂತಳು. ಲಡಿ ಕಟ್ಟಿದ ಕೈ ಗೊನೆ ಹೊರುವುದಕ್ಕೆ ಒಗ್ಗಲು ಕಾಲ ಬೇಕಾಯಿತು. ಆದರೂ ಹೊತ್ತಳು. ಕೇರಿಯಲ್ಲಿ ಯಾರು ಹಡೆದರೂ ತಾಯಿ ಕೂಸಿಗೆ ನೀರೆರೆಯಲು ಆಕೆಯನ್ನೇ ಕರೆಯುತ್ತಿದ್ದರು. ಕೂಲಿಯ ಹೆಂಗಸು ಬಾಣಂತಿಯಾದರೆ ಅವಳ ಬದಲಿಗೆ ತೋಟದಲ್ಲಿ ನಿಲ್ಲುವವಳೂ ಆಕೆಯೇ. ಆ ಚಾಳಿ ಹೋಗಲಿಲ್ಲ.

ಕಾನೂನು ಬರುವುದಕ್ಕೆ ಬಹಳ ವರ್ಷ ಹಿಡಿಯಿತು. ಸಾಹೇಬರ ವರದಿಯಿಂದ ಬಂತೋ ಬೇರೆ ಕಾರಣದಿಂದ ಬಂತೋ ಲಡಿ ಖಾತೆಯವರಿಗೆ ಗೊತ್ತಿಲ್ಲ, ತಮ್ಮ ಬೇವಿನ ಗಿಡದ ಕೆಳಗಿಂದಲೇ ಬಂತು ಎಂದು ಅವರು ನಂಬಿದ್ದರು. ಸುದ್ದಿ ಹೇಳಲು ನೂರಜಹಾನ್ ಮೋಟಾರು ಹತ್ತಿ ಕಮಲಾಪುರಕ್ಕೆ ಬಂದಳು. ಅವಳ ಕೂದಲೂ ಆಗ ನರೆತಿತ್ತು. ಬಂಡೆಮ್ಮ ತೋಟದ ಬದುವಿನಲ್ಲಿ ಗೊನೆಗಳಿಗೆ ಒಣ ಎಲೆ ಸುತ್ತುತ್ತ ಕೂತಿದ್ದಳು. ನೂರಜಹಾನ್ ಅವಳ ಪಕ್ಕ ಕೂತು ಎಲ್ಲವನ್ನೂ ವಿಸ್ತಾರವಾಗಿ ಹೇಳಿದಳು. ಹಡೆದವಳಿಗೆ ಮನೆಯಲ್ಲಿ ಕೂರಿಸಿ ರೊಕ್ಕ, ಬರುವ ತನಕ ಜಾಗ ಹಾಗೇ. ಮೊದಲು ತೆಗೆದುಕೊಂಡವಳು ಭೀಮಬಾಯಿ, ಮೂರನೆಯ ಕೂಸಿಗೆ. ಮ್ಯಾನೇಜರ ಸಾಹೇಬರೇ ಸಹಿ ಹಾಕಬೇಕಾಯಿತಂತೆ. ಆ ಮಾತಿಗೆ ಬಂಡೆಮ್ಮ ಹೊಟ್ಟೆ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಮತ್ತೆ ನಕ್ಕಳು.

ನಗು ಮುಗಿದ ಮೇಲೆ ಕೇಳಿದಳು. ಬದಲಿಗಳಿಗೆ? ಅವರಿಗಿಲ್ಲವಂತೆ, ಬಿಲ್ಲೆ ಇದ್ದು ತಪ್ಪದೆ ಹಾಜರಿ ಬಿದ್ದವರಿಗೆ ಮಾತ್ರ ಎಂದಳು ನೂರಜಹಾನ್. ಗಂಡ ಮಲಗಿದರೆ, ಅತ್ತೆ ಮಲಗಿದರೆ? ಅದಕ್ಕೂ ಇಲ್ಲವಂತೆ. ಈ ತೋಟದ ಕೂಲಿಯವರಿಗೆ? ತೋಟಕ್ಕೆ ಎಲ್ಲಿಯ ಕಾನೂನು ಎಂದು ನೂರಜಹಾನ್ ಕೈ ಚೆಲ್ಲಿದಳು. ಬದುವಿನ ಆ ಕಡೆ ಒಬ್ಬ ತುಂಬು ಬಸುರಿ ಗೊನೆ ಹೊತ್ತು ಗಾಡಿಯ ಕಡೆ ನಡೆದಿದ್ದಳು. ಬಂಡೆಮ್ಮ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ಎದ್ದು ಹೋದಳು, ಅವಳ ತಲೆಯ ಗೊನೆಯನ್ನು ತನ್ನ ತಲೆಗೆ ಏರಿಸಿಕೊಂಡು ಗಾಡಿಗೆ ಹಾಕಿ ಬಂದಳು. ಏದುಸಿರು ಬಿಡುತ್ತ ಮತ್ತೆ ನೂರಜಹಾನಳ ಪಕ್ಕ ಕೂತಳು.

“ಆ ಸಾಹೇಬ್ರು ಮತ್ತ ಯಾವಾಗ ಬರ್ತಾರಂತ?” ಎಂದು ಕೇಳಿದಳು.

ನೂರಜಹಾನ್ ನಗಲು ಹೋದಳು. ಬಂಡೆಮ್ಮ ಉತ್ತರಕ್ಕೆ ಕಾಯುತ್ತಿದ್ದಳು.